ಜ್ಯೂರಿ ಕೋಣೆಯಲ್ಲಿ ಮಾಡಿದ ಚೌಕಾಸಿ

ಈ ದೇಶದಲ್ಲಿ ಕೋರ್ಟಿನ ಕೇಸುಗಳಿಗೆ ತೀರ್ಪು ಹೇಳಲು ಸಾಮಾನ್ಯ ಜನರನ್ನೇ ಕರೆಸುತ್ತಾರೆ. ಆ ಜ್ಯೂರಿ ಸಮನ್ಸ್ ಬಂದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ, ಇದನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದು. ನನ್ನನ್ನೂ ಎಷ್ಟೋ ಜನ ಕೇಳಿದ್ದಾರೆ. ನಾನು ಹೇಳುವುದಿಷ್ಟೇ: ಸುಳ್ಳು ಹೇಳಬೇಡಿ, ಆದರೆ ತಾರೀಖು ಮುಂದಕ್ಕೆ ಹಾಕಿಸಿಕೊಳ್ಳಲು ಒಂದು ಅವಕಾಶ ಕೊಡುತ್ತಾರೆ, ಅದನ್ನು ಬಳಸಿಕೊಳ್ಳಿ. ನನ್ನದು ಮದುವೆ ಮಂಟಪ ಬಾಡಿಗೆಗೆ ಕೊಡುವ ವ್ಯವಹಾರ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಫೆಬ್ರವರಿಯಲ್ಲಿ ಕಂಬಗಳಿಗೆ ಬಣ್ಣ ಹೊಡೆಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದ್ದರಿಂದ ಜೂನ್‌ಗೆ ಬಂದಿದ್ದ ಸಮನ್ಸನ್ನು ಫೆಬ್ರವರಿಗೆ ಹಾಕಿಸಿಕೊಂಡೆ. ಒಳ್ಳೆಯ ವ್ಯಾಪಾರ ಮಾಡಿದೆ ಎಂದುಕೊಂಡೆ. ಜೂನ್‌ನಲ್ಲೇ ಹೋಗಿದ್ದರೆ ಯಾವುದೋ ಕಾರು ಅಪಘಾತದ ಕೇಸೋ, ಅಂಗಡಿ ಕಳ್ಳತನದ ಕೇಸೋ ಸಿಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಈ ಕೆಲಸ ಶುರು ಮಾಡಿದ್ದು ಮನೆಯ ಗರಾಜಿನಲ್ಲಿ, ನಾಲ್ಕು ಮರದ ಕಂಬ ಮತ್ತು ಒಂದು ಹಳೆಯ ವ್ಯಾನ್ ಇಟ್ಟುಕೊಂಡು. ಈಗ ಕ್ರ್ಯಾನ್‌ಬರಿ ಊರಿನ ದೊಡ್ಡ ವೇರ್‌ಹೌಸುಗಳ ಹಿಂಬದಿಯಲ್ಲಿ ಒಂದು ಸಣ್ಣ ಯೂನಿಟ್ ಇದೆ. ಬ್ಯಾಂಕ್ವೆಟ್ ಹಾಲ್ ಮ್ಯಾನೇಜರುಗಳ ಜೊತೆ, ಹೂವಿನವರ ಜೊತೆ, ಬೀಗರ ಜೊತೆ ಇಪ್ಪತ್ತು ವರ್ಷ ಚೌಕಾಸಿ ಮಾಡಿ ಮಾಡಿ ಎದುರಿಗಿರುವವರ ಮುಖ ನೋಡಿ ಲೆಕ್ಕ ಹಾಕುವುದು ರೂಢಿಯಾಗಿದೆ. ಒಪ್ಪಂದದಲ್ಲಿ ತಮಗೇ ಹೆಚ್ಚು ದಕ್ಕಿತು ಅನಿಸಿದಾಗ ಜನ ನಿಮ್ಮನ್ನು ನೋಡುವುದಿಲ್ಲ, ತಟ್ಟನೆ ಕಾಗದದ ಕಡೆ ನೋಡುತ್ತಾರೆ. ಸಂತೋಷ ಕಾಣಿಸಬಾರದಲ್ಲ, ಅದಕ್ಕೆ.

ಕೌಂಟಿ ಕೋರ್ಟಿನಲ್ಲಿ ಆರೋಪಿಯ ಪರದ ಡಿಫೆನ್ಸ್ ವಕೀಲ ನನ್ನನ್ನು ಆರಿಸಿದ ದಿನ ಹಾಗೆಯೇ ಕಾಗದ ನೋಡಿದ.

ಅದು ಅತ್ಯಾಚಾರದ ಕೇಸು ಎಂದು ನ್ಯಾಯಾಧೀಶರು ಓದಿ ಹೇಳಿದ ಮೇಲೆ ಅರ್ಧ ಕೋಣೆ ಖಾಲಿಯಾಯಿತು. ಒಬ್ಬೊಬ್ಬರೇ ಎದ್ದು ತಮಗೆ ಆಗುವುದಿಲ್ಲ ಎಂದರು. ಕಾರಣವನ್ನು ಕೆಲವರು ಜೋರಾಗಿ ಹೇಳಿದರು, ಕೆಲವರು ನ್ಯಾಯಾಧೀಶರ ಹತ್ತಿರ ಹೋಗಿ ಹೇಳಿದರು. ನನಗೆ ಹೇಳಲು ಕಾರಣವಿರಲಿಲ್ಲ. ವಕೀಲ ನನ್ನ ಫಾರಂ ಹಿಡಿದುಕೊಂಡು ಬಂದ. ಅಲ್ಲಿ ಎಲ್ಲ ನಡೆದದ್ದು ಇಂಗ್ಲಿಷಿನಲ್ಲೇ, ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಮದುವೆ ಕೆಲಸ ಮಾಡ್ತೀರಿ ಅಂತ ಬರೆದಿದ್ದೀರಿ. ಹುಡುಗ ಹುಡುಗಿ ಹೊಂದಿಸೋ ಕೆಲಸವಾ?"

"ಅಲ್ಲ. ಮಂಟಪ, ಹೂವು, ಕುರ್ಚಿ."

"ಆದ್ರೆ ಜನ ನಿಮ್ಮನ್ನ ಕೇಳ್ತಾರೆ ಅಲ್ವಾ, ಯಾರು ಹೇಗೆ ಅಂತ?"

"ಕೇಳ್ತಾರೆ. ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಕೇಳ್ತಾರೆ."

ಒಂದಿಬ್ಬರು ನಕ್ಕರು. ವಕೀಲನೂ ನಕ್ಕು ಕಾಗದದ ಕಡೆ ನೋಡಿ, "ಈ ಜ್ಯೂರರ್ ನಮಗೆ ಒಪ್ಪಿಗೆ" ಎಂದ. ಲಾಭ ಮಾಡಿಕೊಂಡವನ ಮುಖ ಅದು, ನನಗೆ ತಿಳಿಯಿತು. ಆದರೆ ನನ್ನಿಂದ ಅವನು ಕೊಂಡದ್ದೇನು ಎಂಬುದು ತಿಳಿಯಲಿಲ್ಲ. ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಟರ್ ಒಬ್ಬ ದಣಿದ ಮುಖದ ಹೆಂಗಸು. ಆಕೆಯೂ ನನ್ನನ್ನು ಬೇಡ ಎನ್ನಲಿಲ್ಲ.

ತಿಳಿದದ್ದು ಮರುದಿನ, ದೂರು ಕೊಟ್ಟವಳು ಬಂದು ಸಾಕ್ಷಿಯ ಕಟ್ಟೆಯಲ್ಲಿ ಕೂತಾಗ. ನಮ್ಮ ದೇಶದ ಮುಖ. ನಮ್ಮ ರಾಜ್ಯದವಳಲ್ಲ, ಹಿಂದಿ ಕಡೆಯವಳು. ಆದರೆ ಇಲ್ಲೇ ಹುಟ್ಟಿ ಬೆಳೆದವಳು. ವಯಸ್ಸು ಮೂವತ್ತರ ಒಳಗೆ, ಔಷಧಿ ಕಂಪನಿಯೊಂದರಲ್ಲಿ ಕೆಲಸ. ಮೂರನೆಯ ಸಾಲಿನಲ್ಲಿ ಅವಳ ತಾಯಿ ಕೂತಿದ್ದರು, ಸಲ್ವಾರಿನ ಮೇಲೆ ದಪ್ಪ ಕೋಟು, ತೊಡೆಯ ಮೇಲೆ ಪರ್ಸು. ಹದಿನಾಲ್ಕು ಜನ ಜ್ಯೂರರುಗಳಲ್ಲಿ ಇಂಡಿಯಾದವಳು ನಾನೊಬ್ಬಳೇ. ತಾಯಿ ಬಂದ ಗಳಿಗೆಯಿಂದ ನನ್ನನ್ನು ಹುಡುಕಿಕೊಂಡು ನೋಡಿದರು. ವಕೀಲನೂ ಒಮ್ಮೆ ನೋಡಿದ. ಆಗ ಅರ್ಥವಾಯಿತು. ಮದುವೆ ಮನೆಯಲ್ಲಿ ಓಡಾಡುವ ಒಬ್ಬ ಇಂಡಿಯನ್ ಆಂಟಿಯನ್ನು ಅವನು ಆರಿಸಿಕೊಂಡಿದ್ದ. ಈ ಹುಡುಗಿಯ ವಿಷಯದಲ್ಲಿ ಉಳಿದ ಹದಿಮೂರು ಜನರಿಗಿಂತ ಈ ಆಂಟಿಯೇ ಕಠಿಣವಾಗಿರುತ್ತಾಳೆ ಎಂಬುದು ಅವನ ಅಂದಾಜು.

ಕೇಸು ಸರಳವಾಗಿತ್ತು. ಅವಳಿಗೂ ಆರೋಪಿಗೂ ಪರಿಚಯವಾದದ್ದು ಡೇಟಿಂಗ್ ಆ್ಯಪಿನಲ್ಲಿ. ಎರಡು ಸಲ ಹೊರಗೆ ಊಟಕ್ಕೆ ಹೋಗಿದ್ದರು. ಮೂರನೆಯ ಸಲ ಪ್ರಿನ್ಸ್‌ಟನ್ ಕಡೆ ಇರುವ ಅವನ ಅಪಾರ್ಟ್‌ಮೆಂಟಿನಲ್ಲಿ ಸಿನಿಮಾ ನೋಡಲು ಹೋದಳು. ಮುತ್ತು ಕೊಟ್ಟದ್ದು ತನ್ನ ಇಷ್ಟದಿಂದಲೇ ಎಂದು ಅವಳೇ ಹೇಳಿದಳು. ಅದರಾಚೆ ಬೇಡ ಎಂದೆ, ಎರಡು ಸಲ ಅಂದೆ, ಆಮೇಲೆ ಮಾತು ಹೊರಡಲಿಲ್ಲ, ಮೈ ಕಲ್ಲಾಯಿತು ಎಂದಳು. ನಾಲ್ಕು ದಿನ ಯಾರಿಗೂ ಹೇಳದೆ ಐದನೆಯ ದಿನ ಅಕ್ಕನಿಗೆ ಹೇಳಿದಳು. ನಡೆದದ್ದು ನಡೆದಿಲ್ಲ ಎಂದು ಆತನೂ ಹೇಳಲಿಲ್ಲ. ಅವಳಿಗೆ ಒಪ್ಪಿಗೆ ಇತ್ತು, ಬೇಡ ಎಂಬ ಮಾತು ಬರಲೇ ಇಲ್ಲ ಎಂಬುದಷ್ಟೇ ಅವನ ವಾದ. ಕೋಣೆಯಲ್ಲಿ ಇದ್ದವರು ಇಬ್ಬರೇ. ಹಾಗಾಗಿ ನಮ್ಮ ಮುಂದಿದ್ದ ಕೆಲಸ ಒಂದೇ, ಅವಳನ್ನು ನಂಬುವುದೋ ಬಿಡುವುದೋ.

ನನಗೆ ಅವಳು ನಿಜ ಹೇಳುತ್ತಿದ್ದಾಳೆ ಅನಿಸಿತು. ಮುತ್ತಿನ ವಿಷಯವನ್ನು ಯಾರೂ ಕೇಳುವ ಮೊದಲೇ ಹೇಳಿಬಿಟ್ಟಳಲ್ಲ, ಅದಕ್ಕೆ. ತನಗೆ ನಷ್ಟವಾಗುವ ಮಾತನ್ನು ಮೊದಲು ಮೇಜಿನ ಮೇಲಿಡುವವರು ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಇದು ನಾನು ವ್ಯಾಪಾರದಲ್ಲಿ ಕಂಡದ್ದು.

ಮಧ್ಯಾಹ್ನ ಡಿಫೆನ್ಸ್ ವಕೀಲ ಅವಳನ್ನು ಪ್ರಶ್ನಿಸಲು ಎದ್ದ. ಒಂದು ಗಂಟೆ ಮೆತ್ತಗೆ ಕೇಳಿದ. ಕೊನೆಗೆ, ಟೇಬಲ್ಲಿಗೆ ವಾಪಸು ಹೋಗುತ್ತ, ಏನೋ ನೆನಪಾದವನಂತೆ ತಿರುಗಿ ಕೇಳಿದ:

"ಆ್ಯಪಿನಲ್ಲಿ ಸಿಕ್ಕ ಗಂಡಸಿನ ಮನೆಗೆ ನೀವು ಹೋದದ್ದು ಇದೇನೂ ಮೊದಲ ಸಲ ಅಲ್ಲ, ಅಲ್ವಾ?"

ಪ್ರಾಸಿಕ್ಯೂಟರ್ ಎದ್ದು ನಿಂತರು. ನ್ಯಾಯಾಧೀಶರು ಕೈಯೆತ್ತಿ ತಡೆದರು. ವಕೀಲರಿಬ್ಬರೂ ಅವರ ಪೀಠದ ಪಕ್ಕಕ್ಕೆ ಹೋದರು. ನಮಗೆ ಕೇಳಿಸಬಾರದೆಂದು ಸ್ಪೀಕರಿನಲ್ಲಿ ಮಳೆ ಸುರಿಯುವಂಥ ಗುಜುಗುಜು ಸದ್ದು ಹಾಕಿದರು. ಅದು ನಿಂತ ಮೇಲೆ ನ್ಯಾಯಾಧೀಶರು ನಮ್ಮ ಕಡೆ ತಿರುಗಿ, ಈ ಪ್ರಶ್ನೆಯನ್ನು ನೀವು ಗಣನೆಗೆ ತೆಗೆದುಕೊಳ್ಳಬಾರದು ಎಂದರು. ದೂರುದಾರಳ ಹಿಂದಿನ ಖಾಸಗಿ ಬದುಕು ಇಲ್ಲಿ ಸಾಕ್ಷ್ಯವಲ್ಲ, ವಕೀಲರ ಪ್ರಶ್ನೆಯೂ ಸಾಕ್ಷ್ಯವಲ್ಲ, ನಿಮ್ಮ ಚರ್ಚೆಯಲ್ಲಿ ಇದು ಬರಕೂಡದು ಎಂದರು. ಅರ್ಥವಾಯಿತೇ ಎಂದು ಕೇಳಿದಾಗ ಹದಿನಾಲ್ಕು ತಲೆಗಳು ಆಡಿದವು. ನನ್ನದೂ ಆಡಿತು.

ಆದರೆ ಪ್ರಶ್ನೆ ಬಂದ ಗಳಿಗೆಯಲ್ಲಿ ಅವಳು ಉತ್ತರ ಕೊಡಲು ಬಾಯಿ ತೆರೆದಿದ್ದಳು. ಆ ಉತ್ತರ ಅಲ್ಲೇ ನಿಂತಿತು. ನಾನು ನೋಡಿದ್ದು ಅವಳನ್ನಲ್ಲ, ಮೂರನೆಯ ಸಾಲಿನ ತಾಯಿಯನ್ನು. ಅವರು ಪರ್ಸಿನ ಜಿಪ್ ನೋಡುತ್ತಿದ್ದರು. ನನಗೆ ಆ ಉತ್ತರ ಬೇಕಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಹೌದೋ ಅಲ್ಲವೋ ಎಂದು ತಿಳಿಯುವ ಚಪಲ. ತಿಳಿದು ಏನು ಮಾಡುತ್ತಿದ್ದೆ ಎಂದರೆ ಗೊತ್ತಿಲ್ಲ.

ಮನೆಗೆ ಹೋದಾಗ ನಮ್ಮ ಮನೆಯವರು ಊಟದ ಮೇಜಿನ ಮುಂದೆ ಕಾಯುತ್ತಿದ್ದರು. ಅವರದು ಗದಗಿನ ಕಡೆ ಮಾತು, ನಾಲ್ಕು ದಶಕ ಇಲ್ಲಿದ್ದರೂ ಬದಲಾಗಿಲ್ಲ.

"ಏನ್ ಕೇಸ ಅದು?"

"ಹೇಳೂ ಹಂಗಿಲ್ಲ."

"ನನಗೂ?"

"ನಿಮಗಂತೂ ಹೇಳಾಕ ಬಾರದು. ಮುಂಜಾನೆ ವಾಕಿಂಗ್ ಹೋಗಿ ನಾಲ್ಕ ಮಂದಿಗೆ ಹಂಚತೀರಿ."

"ಇಷ್ಟ ವರ್ಷದಾಗ ನಿನ್ನ ಬಾಯಿ ಮುಚ್ಚಿಸಿದಾವ ಆ ಜಡ್ಜ್ ಒಬ್ಬನ ನೋಡು. ಅವನ ಅಡ್ರೆಸ್ ಕೊಡು, ಒಂದ್ ಡಬ್ಬಿ ಪೇಡಾ ಕಳಸ್ತೀನಿ."

ನಕ್ಕೆ. ಆದರೆ ಪಾತ್ರೆ ತೊಳೆಯುವಾಗಲೂ ತಲೆಯಲ್ಲಿ ಕೋರ್ಟೇ ಇತ್ತು. ಆ ವಕೀಲನ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಅಂಥದ್ದನ್ನು ನಾನೂ ಮಾಡಿದ್ದೆ, ಅದೂ ಒಂದು ಪ್ರಶ್ನೆಯನ್ನೂ ಕೇಳದೆ.

ನಮ್ಮಲ್ಲಿ ಸಂಬಂಧ ನೋಡುವಾಗ ವಿಚಾರಿಸುತ್ತಾರಲ್ಲ, ಆ ಪದ್ಧತಿ ಸಮುದ್ರ ದಾಟಿಕೊಂಡು ಇಲ್ಲಿಗೂ ಬಂದಿದೆ. ಹುಡುಗ ಹುಡುಗಿ ತಾವೇ ಮಾತಾಡಿ ಒಪ್ಪಿಕೊಂಡಿದ್ದರೂ ತಾಯಂದಿರು ನಾಲ್ಕು ಕಡೆ ಫೋನ್ ಮಾಡುತ್ತಾರೆ. ನನಗೆ ಎಲ್ಲ ಮನೆಗಳ ಪರಿಚಯ ಇರುವುದರಿಂದ ಆ ಫೋನುಗಳಲ್ಲಿ ಒಂದು ನನಗೆ ಬರುತ್ತದೆ. ಈ ಫೋನಿಗೆ ಕೆಲವು ನಿಯಮಗಳಿವೆ. ಯಾರೂ ಯಾರ ಬಗ್ಗೆಯೂ ಕೆಟ್ಟ ಮಾತು ಆಡುವುದಿಲ್ಲ. ಎಲ್ಲ ಸರಿಯಿದ್ದರೆ, "ಕಣ್ಣು ಮುಚ್ಚಿ ಮಾಡ್ಕೋರಿ" ಎನ್ನುತ್ತೇವೆ. ಇಲ್ಲದಿದ್ದರೆ, "ಇನ್ನೊಂದು ಕಡೆನೂ ವಿಚಾರಿಸ್ರಿ" ಎನ್ನುತ್ತೇವೆ. ಅಷ್ಟೇ. ಆ ಎರಡನೆಯ ಮಾತು ಬಂದರೆ ಯಾರೂ ಇನ್ನೊಂದು ಕಡೆ ವಿಚಾರಿಸುವುದಿಲ್ಲ, ಸಂಬಂಧ ಅಲ್ಲಿಗೇ ಮುಗಿಯುತ್ತದೆ. ಹೇಳಿದವರ ಬಾಯಿಯೂ ಚೊಕ್ಕಟವಾಗಿ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಜೆರಿಕೋ ಎಂಬ ಊರಿನಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ನಮ್ಮ ಕಡೆಯ ಹುಡುಗಿಯೊಬ್ಬಳ ಬಗ್ಗೆ.

"ಓದಿದಾಕಿ, ಛಲೋ ಮನೆತನ" ಎಂದೆ.

"ಅದೆಲ್ಲಾ ಬಯೋಡೇಟಾದಾಗ ಐತ್ರಿ ಅಕ್ಕಾರ. ಬ್ಯಾರೆ ಏನರ?"

ಹಿಂದಿನ ವಾರವಷ್ಟೇ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಆ ಹುಡುಗಿ ಒಬ್ಬ ಹುಡುಗನ ಕಾರಿನಿಂದ ಇಳಿದದ್ದನ್ನು ನೋಡಿದ್ದೆ. ಅವಳು ನಗುತ್ತಿದ್ದಳು, ಅವಳ ಚೀಲ ಅವನ ಕೈಯಲ್ಲಿತ್ತು. ಬೇರೇನೂ ಇಲ್ಲ. ಫೋನಿನಲ್ಲಿ ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ, "ಇನ್ನೊಂದು ಕಡೆನೂ ಒಂದ್ ಮಾತ ಕೇಳ್ಕೋರಿ" ಎಂದೆ. ನಾಳೆ ಏನಾದರೂ ಆದರೆ ನನ್ನ ಮೇಲೆ ಬರಬಾರದು ಎಂಬ ಎಚ್ಚರಿಕೆ, ಇನ್ನೇನಲ್ಲ. ಸಂಬಂಧ ಮುರಿಯಿತು. ಮೂರು ತಿಂಗಳಾದ ಮೇಲೆ ಒಂದು ಮದುವೆಯಲ್ಲಿ ಯಾರೋ ನನ್ನ ಕಿವಿಯಲ್ಲಿ, ಆ ಹುಡುಗಿ ಎರಡು ವರ್ಷ ಯಾರ ಜೊತೆಗೋ ಇದ್ದಳಂತೆ ಎಂದರು. ನಾನು ಒಂದು ಕ್ಷಣ ಸುಮ್ಮನಿದ್ದದ್ದು ಊರು ಸುತ್ತಿ, ಎರಡು ವರ್ಷವಾಗಿ ಬೆಳೆದು ನನ್ನ ಕಿವಿಗೇ ವಾಪಸು ಬಂದಿತ್ತು.

ಇಷ್ಟೆಲ್ಲ ತಿಳಿದವಳು ಜ್ಯೂರಿ ಕೋಣೆಯಲ್ಲಿ ಹುಷಾರಾಗಿ ಇರುತ್ತೇನೆ ಎಂದುಕೊಂಡಿದ್ದೆ.

ವಿಚಾರಣೆ ಮುಗಿದ ದಿನ ಚೀಟಿ ಎತ್ತಿ ಹೆಚ್ಚುವರಿ ಇಬ್ಬರನ್ನು ಮನೆಗೆ ಕಳಿಸಿದರು, ಹನ್ನೆರಡು ಜನ ಉಳಿದೆವು. ನನ್ನ ಚೀಟಿ ಬರಲಿ ಎಂದು ಬೇಡಿಕೊಂಡೆ, ಬರಲಿಲ್ಲ. ನ್ಯಾಯಾಧೀಶರು ಕೊಟ್ಟ ಹಾಳೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು ಅತ್ಯಾಚಾರ. ಅದರಲ್ಲಿ ಅಪರಾಧಿಯಲ್ಲ ಎಂದು ಎಲ್ಲರೂ ಒಪ್ಪಿದರೆ ಮಾತ್ರ ಎರಡನೆಯದು: ಒಪ್ಪಿಗೆಯಿಲ್ಲದೆ ಮೈ ಮುಟ್ಟಿದ ಅಪರಾಧ. ಅದು ಬಹಳ ಸಣ್ಣದು. ಯಾವುದಕ್ಕೇ ಆಗಲಿ, ಹನ್ನೆರಡೂ ಜನ ಒಂದೇ ಮಾತು ಹೇಳಬೇಕು.

ಕಿಟಕಿಯಿಲ್ಲದ ಕೋಣೆ, ಉದ್ದನೆಯ ಮೇಜು, ಮೂಲೆಯಲ್ಲಿ ಕಾಫಿ ಯಂತ್ರ. ಮೊದಲ ನಂಬರಿನ ಕುರ್ಚಿಯಲ್ಲಿದ್ದ ನಿವೃತ್ತ ಶಾಲಾ ಮೇಷ್ಟ್ರು ನಮಗೆಲ್ಲ ಮುಖಂಡರು. ಅವರು ಚೀಟಿ ಹಂಚಿ ಮತ ಕೇಳಿದರು. ಏಳು ಅಪರಾಧಿ, ಮೂರು ಅಲ್ಲ, ಎರಡು ಖಾಲಿ. ಖಾಲಿ ಚೀಟಿಗಳಲ್ಲಿ ಒಂದು ನನ್ನದು. ನಂಬಿದ್ದರೂ ಖಾಲಿ ಯಾಕೆ ಹಾಕಿದೆ ಎಂದರೆ, ಬೇರೆಯವರ ಬೆಲೆ ಕೇಳುವ ಮೊದಲು ನನ್ನ ಬೆಲೆ ಹೇಳುವ ಅಭ್ಯಾಸ ನನಗಿಲ್ಲ.

ಅಲ್ಲ ಎಂದವರಲ್ಲಿ ಒಬ್ಬಳು ಶಾಲಾ ಬಸ್ ಓಡಿಸುತ್ತಿದ್ದ ಹೆಂಗಸು. ನನ್ನ ವಯಸ್ಸಿನವಳು, ಧಾರಾಳ ಮನಸ್ಸಿನವಳು; ಎಲ್ಲರಿಗೂ ಮನೆಯಿಂದ ಬಿಸ್ಕತ್ತು ತಂದಿದ್ದಳು, ಎಲ್ಲರನ್ನೂ ಪ್ರೀತಿಯಿಂದ ಹನಿ, ಅಂದರೆ ಜೇನು, ಎನ್ನುತ್ತಿದ್ದಳು. ಅಪರಾಧಿ ಎಂದವರಲ್ಲಿ ಗಟ್ಟಿಯಾಗಿ ನಿಂತವನು ಒಬ್ಬ ಯುವಕ, ಯಾವುದೋ ಆಫೀಸಿನಲ್ಲಿ ಲೆಕ್ಕ ಪರಿಶೀಲನೆ ಕೆಲಸ ಮಾಡುವವನು. ಉಳಿದವರು ಇವರಿಬ್ಬರ ನಡುವೆ ಆ ಕಡೆ ಈ ಕಡೆ ವಾಲುತ್ತಿದ್ದರು.

"ಅವಳೇನು ಚಿಕ್ಕ ಮಗು ಅಲ್ಲ, ಹನಿ" ಎಂದಳು ಬಸ್ಸಿನವಳು. "ಇಂಥ ಸಂಜೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಅವಳಿಗೆ ಗೊತ್ತಿತ್ತು."

"ಹೇಗೆ ಗೊತ್ತಿತ್ತು?" ಎಂದ ಯುವಕ.

"ನೀನೂ ಆ ಪ್ರಶ್ನೆ ಕೇಳಿಸಿಕೊಂಡೆಯಲ್ಲ."

"ಉತ್ತರ ಇರಲಿಲ್ಲ."

"ವಕೀಲ ಸುಮ್ಮನೆ ಗಾಳಿಯಿಂದ ಕೇಳ್ತಾನಾ?"

ಮೇಷ್ಟ್ರು ಕೈಯೆತ್ತಿದರು. ಅದನ್ನು ಮಾತಾಡಬಾರದು ಎಂದು ಜಡ್ಜ್ ಹೇಳಿದ್ದಾರೆ ಎಂದರು. ಬಸ್ಸಿನವಳು ಒಪ್ಪಿಕೊಂಡಳು. "ಸರಿ, ಬಿಟ್ಟೆ. ಆದ್ರೆ ಕೇಳಿದ್ದನ್ನ ಕೇಳಿಲ್ಲ ಅಂತ ಮಾಡೋದು ನನಗೆ ಬರಲ್ಲ" ಎಂದಳು.

ಆಮೇಲೆ ಆ ಪ್ರಶ್ನೆಯ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಅದು ಕೋಣೆಯಿಂದ ಹೋಗಲೂ ಇಲ್ಲ. ಅವಳ ಮೈ ಕಲ್ಲಾಯಿತು ಎಂಬುದರ ಬಗ್ಗೆ ಮಾತು ಬಂದಾಗ ಒಬ್ಬರು, ಏನೂ ಅರಿಯದ ಹುಡುಗಿಯಾದರೆ ಕಲ್ಲಾಗುತ್ತಾಳೆ, ಅನುಭವ ಇರುವವಳು ಎದ್ದು ಹೊರಟುಬಿಡುತ್ತಾಳೆ ಎಂದರು. ಅನುಭವ ಎಂಬುದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಬೇಡ ಎಂದಳೋ ಇಲ್ಲವೋ ಎಂಬ ಮಾತು ಬಂದಾಗ ಇನ್ನೊಬ್ಬರು, ಅವನಿಗೆ ತಪ್ಪು ತಿಳಿದಿರಬಹುದು, ಅಂಥವರು ಬೇಡ ಎಂದರೂ ತಮಾಷೆ ಅಂದುಕೊಳ್ಳುವುದು ಸಹಜ ಎಂದರು. ಎಂಥವರು? ಸಂಜೆಯ ಹೊತ್ತಿಗೆ ಒಬ್ಬರ ಬಾಯಲ್ಲಿ "ಆ ಬೇರೆ ಗಂಡಸರು" ಎಂಬ ಮಾತು ಬಂತು. ಬಹುವಚನದಲ್ಲಿ. ಸಾಕ್ಷ್ಯದಲ್ಲಿ ಒಬ್ಬನೂ ಇರಲಿಲ್ಲ. ನನಗೆ ಮಾತ್ರ ಇದು ಚೆನ್ನಾಗಿ ಪರಿಚಯವಿದ್ದ ಬೆಳವಣಿಗೆ, ಆದರೂ ನಾನು ಬಾಯಿ ಬಿಡಲಿಲ್ಲ.

ಬಿಟ್ಟದ್ದು ಮರುದಿನ ಬೆಳಿಗ್ಗೆ. ಬಿಡಬಾರದಾಗಿತ್ತು.

ನಾಲ್ಕು ದಿನ ಯಾರಿಗೂ ಯಾಕೆ ಹೇಳಲಿಲ್ಲ ಎಂಬ ಚರ್ಚೆ ನಡೆದಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು. "ಮ್ಯಾಮ್, ನಿಮ್ಮ ಕಡೆಯ ಮನೆಗಳಲ್ಲಿ ಹೇಗೆ? ಮಗಳು ಇಂಥದ್ದನ್ನ ತಾಯಿಗೆ ತಕ್ಷಣ ಹೇಳ್ತಾಳಾ?"

ಹನ್ನೊಂದು ಮುಖಗಳು ನನ್ನ ಕಡೆ ತಿರುಗಿದವು. ಅಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದಾಗ ಸಲಹೆ ಕೊಡದೆ ಇರುವುದು ನನ್ನಿಂದಾಗದು.

"ನಾಲ್ಕು ದಿನ ಅಲ್ಲ, ನಾಲ್ಕು ವರ್ಷ ಆದ್ರೂ ಹೇಳಲ್ಲ" ಎಂದೆ. "ತಾಯಿಗಂತೂ ಹೇಳೋದೇ ಇಲ್ಲ. ಅಕ್ಕನಿಗೆ ಹೇಳಿದ್ದೇ ದೊಡ್ಡದು."

ಯುವಕ ತಲೆಯಾಡಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಮುಗಿದಿತ್ತು. ಆದರೆ ಎಲ್ಲರೂ ಇನ್ನೂ ನನ್ನನ್ನೇ ನೋಡುತ್ತಿದ್ದರು. ಒಂದೇ ಪಕ್ಷ ಹಿಡಿದಂತೆ ಕಾಣಬಾರದು, ನಮ್ಮ ಮನೆಗಳ ಮರ್ಯಾದೆಯೂ ಹೋಗಬಾರದು ಎಂದು ನಾಲಿಗೆ ತಾನೇ ತಕ್ಕಡಿ ತೂಗಿತು.

"ಆದ್ರೆ ನಮ್ಮ ಮನೆ ಹುಡುಗೀರು ಒಬ್ಬರೇ ಗಂಡಸಿನ ಅಪಾರ್ಟ್‌ಮೆಂಟಿಗೆ ಹೋಗೋದೂ ಕಮ್ಮಿ" ಎಂದೆ.

"ನಾನೂ ಅದನ್ನೇ ಹೇಳ್ತಿರೋದು, ಹನಿ" ಎಂದಳು ಬಸ್ಸಿನವಳು. ಮೃದುವಾಗಿಯೇ ಹೇಳಿದಳು.

ಅದು ಸುಳ್ಳೂ ಆಗಿತ್ತು. ನಮ್ಮ ಮನೆಗಳ ಹುಡುಗಿಯರು ಹೋಗುತ್ತಾರೆ, ಬರುತ್ತಾರೆ, ನಾವು ನೋಡದವರ ಹಾಗೆ ಇರುತ್ತೇವೆ. ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಹೊರಗಿನವರ ಮುಂದೆ ಹೇಳುವುದು ನಮಗೆ ಚಿಟಿಕೆ ಹೊಡೆದಷ್ಟು ಸಲೀಸು. ಮಧ್ಯಾಹ್ನದ ಚೀಟಿಯಲ್ಲಿ ಅಪರಾಧಿ ಎನ್ನುವವರು ಏಳಿದ್ದದ್ದು ಐದಾಯಿತು. ಅವಳ ದೇಶದವಳೇ ಹಾಗಂದ ಮೇಲೆ ನಾವೇನು ಹೇಳುವುದು ಎಂದು ಒಬ್ಬರು ಕಾಫಿ ತರುವಾಗ ಪಕ್ಕದವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ನನ್ನನ್ನು ಆರಿಸಿದ ದಿನ ವಕೀಲ ಕಾಗದ ನೋಡಿದ್ದು ಈ ಒಂದು ವಾಕ್ಯದ ಆಸೆಗೆ.

ಆಮೇಲೆ ನಾನು ನಂಬಿದ್ದೇನೆ ಎಂದು ಬಾಯಿಬಿಟ್ಟು ಹೇಳಿದೆ. ಅಪರಾಧಿ ಎಂದೇ ಚೀಟಿಯಲ್ಲಿ ಬರೆದೆ. ಆ ಮಾತಿಗೆ ಹಿಂದಿನ ಮಾತಿನ ತೂಕ ಬರಲಿಲ್ಲ. ಮೂರನೆಯ ದಿನವೂ ಆರು, ಆರು. ಒಮ್ಮತ ಆಗುತ್ತಿಲ್ಲ ಎಂದು ಮೇಷ್ಟ್ರು ನ್ಯಾಯಾಧೀಶರಿಗೆ ಚೀಟಿ ಕಳಿಸಿದರು. ಇನ್ನೂ ಪ್ರಯತ್ನಿಸಿ ಎಂದು ಉತ್ತರ ಬಂತು. ಹೊರಗೆ ಹಿಮ ಬೀಳುವ ಮುನ್ಸೂಚನೆ ಇತ್ತು. ಒಬ್ಬರಿಗೆ ಮಗುವನ್ನು ಡೇಕೇರಿನಿಂದ ಕರೆತರಬೇಕು, ಒಬ್ಬರಿಗೆ ಬೆನ್ನು ನೋವು. ಬಿಸ್ಕತ್ತಿನ ಡಬ್ಬಿ ಮುಟ್ಟುವವರಿರಲಿಲ್ಲ.

ಇಂಥ ಕೋಣೆಗಳಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ಗಂಡಿನವರು ಒಂದು ಕಡೆ, ಹೆಣ್ಣಿನವರು ಒಂದು ಕಡೆ, ಮುಹೂರ್ತ ಹತ್ತಿರ, ಮಾತು ಮುರಿದಿದೆ. ಆಗ ನಡುವೆ ಒಂದು ದಾರಿ ಹುಡುಕಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಕೊಟ್ಟು ಎಬ್ಬಿಸುವುದು ನನ್ನ ಕೆಲಸ. ಎರಡು ಪ್ರಶ್ನೆಗಳ ಆ ಹಾಳೆ ಮೇಜಿನ ಮೇಲಿತ್ತು. ಎರಡನೆಯ ಪ್ರಶ್ನೆಯ ಮೇಲೆ ನಾನೇ ಬೆರಳಿಟ್ಟೆ.

"ದೊಡ್ಡದು ಬೇಡ, ಚಿಕ್ಕದು ಇರಲಿ. ಒಪ್ಪಿಕೊಳ್ತೀರಾ?"

ಬಸ್ಸಿನವಳು ಹಾಳೆಯನ್ನು ಇನ್ನೊಮ್ಮೆ ಓದಿದಳು. "ಅವನೂ ಏನೂ ದೇವರಲ್ಲ. ಅಷ್ಟಕ್ಕಾದ್ರೆ ನನಗೆ ಸರಿ" ಎಂದಳು. ಉಳಿದವರ ಭುಜಗಳು ಇಳಿದದ್ದು ಕಾಣಿಸಿತು.

ಯುವಕ ಮಾತ್ರ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. "ನಡೆದದ್ದು ನಡೆದಿದೆ ಅಂತ ಅವನೇ ಒಪ್ಪಿದ್ದಾನೆ. ಅವಳಿಗೆ ಒಪ್ಪಿಗೆ ಇತ್ತಾ ಇಲ್ವಾ ಅನ್ನೋದೊಂದೇ ಪ್ರಶ್ನೆ. ಇದ್ರೆ ಎರಡೂ ಇಲ್ಲ. ಇಲ್ದಿದ್ರೆ ದೊಡ್ಡದೇ. ಅರ್ಧ ಅಂದ್ರೆ ಏನು? ಅವಳು ಒಪ್ಪಿದ್ದು ಯಾವ ಅರ್ಧಕ್ಕೆ?"

 ನಾನು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡೆ.

"ನೋಡು, ನೀನು ಹೇಳೋದು ಸರಿ" ಎಂದೆ. "ಆದ್ರೆ ನಾವು ಒಪ್ಪದೆ ಎದ್ರೆ ಕೇಸು ಮತ್ತೆ ಮೊದಲಿಂದ. ಅವಳು ಮತ್ತೆ ಬಂದು ಆ ಕುರ್ಚಿಯಲ್ಲಿ ಕೂತು ಎಲ್ಲಾ ಹೇಳಬೇಕು. ಮುಂದಿನ ಹನ್ನೆರಡು ಜನ ಇನ್ನೂ ಕೆಟ್ಟವರಾಗಿರಬಹುದು. ಏನೂ ಸಿಗದೆ ಹೋಗಬಹುದು. ಸಿಗೋದನ್ನ ತಗೊಂಡು ಏಳೋಣ."

"ಅವಳನ್ನ ಕೇಳಿದ್ರೆ ಏನಂತಾಳೆ?"

"ಅವಳನ್ನ ಕೇಳೋ ಹಾಗಿಲ್ಲವಲ್ಲಪ್ಪ."

ಅವನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅಷ್ಟು ಹೊತ್ತಿಗೆ ಎಲ್ಲರೂ ಕೋಟುಗಳ ಕಡೆ ನೋಡುತ್ತಿದ್ದರು. ಐದು ನಿಮಿಷ ಕಳೆದ ಮೇಲೆ ವಾಪಸು ಬಂದು ಕೂತು, ಬರೆದುಕೊಳ್ಳಿ ಎಂದ. ನನ್ನನ್ನು ನೋಡಲಿಲ್ಲ. ನಾನು ಗೆದ್ದಿದ್ದೆ.

ನಿಮ್ಮಲ್ಲಿ ಯಾರಾದರೂ ಮುಂದೆ ಆ ಕೋಣೆಯಲ್ಲಿ ಕೂರಬೇಕಾಗಬಹುದು, ಅದಕ್ಕೆ ಕೆಲವು ಮಾತು. ಗಣನೆಗೆ ತೆಗೆದುಕೊಳ್ಳಬೇಡಿ ಎಂದದ್ದನ್ನು ಮರೆಯಲು ಹೋಗಬೇಡಿ, ಮರೆಯಲು ಆಗುವುದಿಲ್ಲ. ಅದು ಬೇರೆ ಹೆಸರಿನಲ್ಲಿ ಬಂದಾಗ, ಅನುಭವ, ತಿಳುವಳಿಕೆ, ಅಂಥವರು ಎಂಬ ವೇಷದಲ್ಲಿ ಬಂದಾಗ, ಇದು ಎಲ್ಲಿಂದ ಬಂತು ಎಂದು ಬಾಯಿಬಿಟ್ಟು ಕೇಳಿ. ಆಗಲೂ ನಿಲ್ಲದಿದ್ದರೆ ನ್ಯಾಯಾಧೀಶರಿಗೆ ಒಂದು ಚೀಟಿ ಬರೆಯಿರಿ. ಬರೆಯುವ ಹಕ್ಕು ಯಾವ ಜ್ಯೂರರಿಗೂ ಇದೆ, ಮುಖಂಡರೇ ಬರೆಯಬೇಕೆಂದಿಲ್ಲ. ನಿಮ್ಮ ಸಮಾಜದ ಬಗ್ಗೆ ಕೇಳಿದರೆ, ನಾನು ಇಲ್ಲಿ ಸಾಕ್ಷಿಯಲ್ಲ ಎಂದು ಹೇಳಿ ಸುಮ್ಮನಿರಿ. ಮೂರನ್ನೂ ನಾನು ಮಾಡಲಿಲ್ಲ. ಮಾಡಿದ್ದರೆ ತೀರ್ಪು ಬೇರೆ ಆಗುತ್ತಿತ್ತು ಎಂದೂ ಹೇಳಲಾರೆ.

ಕೋರ್ಟಿನಲ್ಲಿ ಮೇಷ್ಟ್ರು ಎದ್ದು ಓದಿದರು. ಮೊದಲನೆಯದರಲ್ಲಿ ಅಪರಾಧಿಯಲ್ಲ. ಎರಡನೆಯದರಲ್ಲಿ ಅಪರಾಧಿ. ಮೊದಲಿನ ಮಾತಿಗೇ ಅವನ ಕಡೆಯವರು ಉಸಿರು ಬಿಟ್ಟದ್ದು ಕೇಳಿಸಿತು, ಎರಡನೆಯದು ಅವರಿಗೆ ತಾಗಿದಂತೆ ಕಾಣಲಿಲ್ಲ. ಆಮೇಲೆ ಗುಮಾಸ್ತ ಒಬ್ಬೊಬ್ಬರನ್ನೇ ನಂಬರ್ ಹಿಡಿದು ಕೇಳಿದರು, ಇದು ನಿಮ್ಮ ತೀರ್ಪೇ ಎಂದು. ಯುವಕ ಹೌದು ಎನ್ನುವ ಮೊದಲು ಒಂದು ಸಲ ದೂರು ಕೊಟ್ಟವಳ ಕಡೆ ನೋಡಿದ. ನನ್ನ ಸರದಿ ಬಂದಾಗ ನಾನು ತಡಮಾಡಲಿಲ್ಲ. ಹೌದು ಎಂದೆ. ಅವಳು ತಾಯಿಯ ಪಕ್ಕ, ಮುಂದಿನ ಬೆಂಚಿನ ಅಂಚು ನೋಡುತ್ತ ಕೂತಿದ್ದಳು. ನನ್ನ ದನಿಗೆ ತಲೆಯೆತ್ತಿದಳು.

ಕೋಟು ಹಾಕಿಕೊಂಡು, ಎಲ್ಲರೂ ಹೋಗಲಿ ಎಂದು ಸ್ವಲ್ಪ ತಡೆದು ಲಿಫ್ಟಿಗೆ ಬಂದೆ. ಬಾಗಿಲು ಮುಚ್ಚುವ ಹೊತ್ತಿಗೆ ತಾಯಿ ಮಗಳು ಇಬ್ಬರೂ ಬಂದರು. ನಾನು ಗುಂಡಿ ಒತ್ತಿ ಬಾಗಿಲು ಹಿಡಿದೆ. ಮಗಳು ನನ್ನನ್ನು ನೋಡಿದಳು, ತಾಯಿಗೆ ಏನೋ ಹೇಳಿ ಮೆಟ್ಟಿಲ ಕಡೆ ತಿರುಗಿದಳು. ಮಂಡಿ ನೋವಿನವರು ಇರಬೇಕು, ತಾಯಿ ಒಬ್ಬರೇ ಒಳಗೆ ಬಂದರು.

ಲಿಫ್ಟ್ ಒಂದು ಮಹಡಿ ಇಳಿಯಿತು. ಆಮೇಲೆ ಅವರು ನನ್ನ ತೋಳು ಹಿಡಿದು ಹಿಂದಿಯಲ್ಲಿ, "ಬೆಹೆನ್‌ಜಿ, ನೀವು ಒಬ್ಬರು ಅಲ್ಲಿ ಇದ್ದಿರಿ. ಅದಕ್ಕೇ ಇಷ್ಟಾದರೂ ಸಿಕ್ತು" ಎಂದರು.

ನಾನು ಅಲ್ಲ ಎನ್ನಬಹುದಿತ್ತು. ನನಗೆ ಅಷ್ಟು ಹಿಂದಿ ಬರುತ್ತದೆ. ಅವರ ಕೈಯ ಮೇಲೆ ಕೈಯಿಟ್ಟು ತಲೆಯಾಡಿಸಿದೆ.

ಕೆಳಗೆ ಲಿಫ್ಟ್ ತೆರೆದಾಗ ಅವರು ಮೆಟ್ಟಿಲ ಬಾಗಿಲಿನ ಹತ್ತಿರ ಹೋಗಿ, ಮಗಳು ಇಳಿದು ಬರಲೆಂದು ನಿಂತರು. ನಾಲ್ಕು ಮಹಡಿ ಇಳಿಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಒಳಗೆ ಅವಳ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ನಾನು ನಿಲ್ಲದೆ ಹೊರಗೆ ನಡೆದೆ.